ಕೈಗಳನ್ನು ಕಾಯುವ ಕಣ್ಣು

ಇಂದು ಟಿವಿಯಲ್ಲಿ ಯಾವುದೋ ಸಭೆ. ಭಾಷಣಕ್ಕಿಂತ ನಾಯಕರ ಹಿಂದೆ ನಿಂತಿದ್ದ ಅಂಗರಕ್ಷಕನ ಮೇಲೆಯೇ ನನ್ನ ಕಣ್ಣು.

ಮೈದಾನವೆಲ್ಲ ಚಪ್ಪಾಳೆ ತಟ್ಟಿದಾಗಲೂ ಆತ ವೇದಿಕೆಯತ್ತ ತಿರುಗಲಿಲ್ಲ. ಜನರ ಮುಖಕ್ಕಿಂತ ಹೆಚ್ಚಾಗಿ ಕೈಗಳನ್ನೇ ನೋಡುತ್ತಿದ್ದ. ಜೇಬಿನೊಳಗಿನ ಕೈ, ಶಾಲಿನಡಿಯ ಕೈ, ಹಾರ ಹಿಡಿದು ಚಾಚಿದ ಕೈ.

1991ರಲ್ಲಿ ಶ್ರೀಪೆರಂಬುದೂರಿನಲ್ಲಿ ಸಾವು ಬಂದದ್ದು ಹಾರದ ನೆಪದಲ್ಲಿಯೇ ಅಲ್ಲವೇ? ರಾಜೀವ್ ಗಾಂಧಿಯವರ ಜೊತೆ ಅಂಗರಕ್ಷಕ ಪ್ರದೀಪ್ ಕುಮಾರ್ ಗುಪ್ತಾ ಕೂಡ ಅಲ್ಲಿಯೇ ಮಡಿದರು. ಆ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

1981ರಲ್ಲಿ ವಾಷಿಂಗ್ಟನ್‌ನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ ಅವರ ಅಂಗರಕ್ಷಕ ಟಿಮ್ ಮೆಕಾರ್ಥಿ ಕೈಕಾಲು ಅಗಲಿಸಿ ಅಡ್ಡ ನಿಂತರು, ಗುಂಡು ತಿಂದರು, ಪುಣ್ಯಕ್ಕೆ ಬದುಕಿದರು. ಸದ್ದು ಕೇಳಿದೊಡನೆ ತಲೆ ತಗ್ಗಿಸುವುದು ಜೀವಕ್ಕೆ ಸಹಜ. ಅದನ್ನೇ ಮರೆಯುವಂತೆ ಇವರನ್ನು ಪಳಗಿಸುತ್ತಾರೆ.

ಇವರ ಮನೆಯವರು ಇಂಥ ನೇರಪ್ರಸಾರವನ್ನು ಹೇಗೆ ನೋಡುತ್ತಾರೋ! ನನಗಂತೂ ಸಂಕಟವಾಯಿತು.