ಬಿದಿರಿನ ಸೈಕಲ್ಲಿಗೆ ಕಬ್ಬಿಣದ ಕೆಲಸ

ಕುಮಟಾ, 16 ನವೆಂಬರ್ 2025, ಭಾನುವಾರ

ಡ್ರಾಪ್‌ಔಟ್ ಎರಡೂ ಇವತ್ತು ಮುಗಿದವು. ಹಿಂದಿನ ಚಕ್ರದ ಆಕ್ಸಲ್ ಕೂರುವ ಪ್ಲೇಟಿಗೆ ಡ್ರಾಪ್‌ಔಟ್ ಅಂತಾರೆ. ಅಂಗೈಗಿಂತ ಸಣ್ಣ ತುಂಡುಗಳು, ಆದರೆ ಇಡೀ ಭಾನುವಾರ ಅವಕ್ಕೇ ಹೋಯಿತು.

ಬಿದಿರಿನ ಸೈಕಲ್ ಮಾಡ್ತಿದ್ದೇನೆ ಅಂದ ಕೂಡಲೇ ಎಲ್ಲರೂ ಬಿದಿರಿನ ಬಗ್ಗೆಯೇ ಕೇಳುತ್ತಾರೆ. ಅಮಾವಾಸ್ಯೆಗೆ ಕಡಿದದ್ದಾ, ಕುಟ್ಟೆ ಹಿಡಿಯೋದಿಲ್ವಾ, ಹೊಂಡಕ್ಕೆ ಬಿದ್ದರೆ ಮುರಿಯೋದಿಲ್ವಾ. ಒಣಗಿದ ಒಳ್ಳೆ ಬಿದಿರು ಸಿಕ್ಕಿತೆಂದರೆ ಅದರ ಪಾಡಿಗೆ ಅದು ಇರುತ್ತದೆ. ತಲೆನೋವೆಲ್ಲ ತುದಿಗಳಲ್ಲಿ. ಅಲ್ಲಿ ಬೇರಿಂಗ್ ಕೂರಬೇಕು, ಥ್ರೆಡ್ ಇರಬೇಕು, ನಟ್ ಬಿಗಿದರೆ ಅಪ್ಪಚ್ಚಿಯಾಗಬಾರದು. ಬಿದಿರಿನ ನಾರು ಉದ್ದಕ್ಕೆ ಓಡುತ್ತದೆ, ಅಡ್ಡಕ್ಕೆ ಹಿಡಿತ ಕಡಿಮೆ, ಹಾಗಾಗಿ ಅದರೊಳಗೇ ಥ್ರೆಡ್ ಹೊಡೆದು ಬೇರಿಂಗ್ ಕೂರುವ ಕಪ್ ತಿರುಗಿಸಿದರೆ ಸೀಳು ಬಿಡುವುದು ಖಂಡಿತ. 1890ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಬಿದಿರಿನ ಸೈಕಲ್ ಮಾರುತ್ತಿದ್ದರು, ಅವರೂ ಸಂದುಗಳಿಗೆ ಲೋಹದ ಲಗ್ಗನ್ನೇ (ಪೈಪಿನ ತುದಿ ತೂರಿಸುವ ತೋಳು) ಹಾಕುತ್ತಿದ್ದರು. ಈಗ ಲಗ್ಗಿನ ಬದಲು ನಾರು ಸುತ್ತಿ ಎಪಾಕ್ಸಿ ಅಂಟು ಹಾಕುತ್ತಾರೆ, ಒಳಗಿನ ಲೋಹ ಮಾತ್ರ ತಪ್ಪಿಲ್ಲ.

ಪ್ಲೇಟು ಸಿಕ್ಕಿದ್ದು ತದಡಿಯಲ್ಲಿ, ಬೋಟ್ ರಿಪೇರಿ ಮಾಡುವವರ ಹತ್ತಿರ. 6 ಎಂ.ಎಂ. ಸ್ಟೇನ್‌ಲೆಸ್ ತುಂಡು, ತೂಕಕ್ಕೆ ಕೊಟ್ಟರು. ಸ್ಟೇನ್‌ಲೆಸ್‌ನಲ್ಲಿ 304, 316 ಅಂತ ದರ್ಜೆಗಳಿವೆ. 304 ಆದರೆ ಸಮುದ್ರದ ಗಾಳಿಗೆ ನಿಧಾನಕ್ಕೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಕಾಣುತ್ತದೆ, 316ರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಹೆಚ್ಚು ತಡೆಯುತ್ತದೆ. ನನ್ನ ಕೈಲಿರೋದು ಯಾವುದು ಅಂತ ಅಯಸ್ಕಾಂತ ಇಟ್ಟು ನೋಡಿದರೂ ಗೊತ್ತಾಗುವುದಿಲ್ಲ, ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಯಾವುದೇ ಇರಲಿ, ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಕಬ್ಬಿಣ) ಪಟ್ಟಿಗಿಂತ ಲೇಸು. ಡ್ರಾಪ್‌ಔಟನ್ನು ಯಾವುದಕ್ಕೂ ವೆಲ್ಡ್ ಮಾಡುವುದಿಲ್ಲ, ಬರೇ ಅಂಟಿಸುವುದು, ಹಾಗಾಗಿ ಸ್ಟೇನ್‌ಲೆಸ್ ಆದರೂ ತೊಂದರೆ ಇಲ್ಲ.

ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಕೊರೆಯಲು ಹೋಗಬಾರದು. ಎರಡೂ ಪ್ಲೇಟನ್ನು ಒಂದರ ಮೇಲೊಂದು ಇಟ್ಟು ಎರಡು ಕಡೆ ಬೋಲ್ಟ್ ಹಾಕಿ ಬಿಗಿದು, ರಟ್ಟಿನಲ್ಲಿ ಕತ್ತರಿಸಿದ ಅಚ್ಚನ್ನು ಮೇಲೆ ಅಂಟಿಸಿ, ಒಂದೇ ತುಂಡು ಅಂದುಕೊಂಡು ಕೆಲಸ ಮಾಡಿದೆ. ಸ್ಟೇನ್‌ಲೆಸ್‌ಗೆ ಡ್ರಿಲ್ ನಿಧಾನಕ್ಕೆ ತಿರುಗಬೇಕು, ಮೇಲಿಂದ ಒತ್ತಡ ಜಾಸ್ತಿ ಬೇಕು. ಬಿಟ್ ಕಡಿಯದೆ ಸುಮ್ನೆ ಉಜ್ಜತೊಡಗಿದರೆ ಆ ಜಾಗ ಇನ್ನೂ ಗಟ್ಟಿಯಾಗಿ, ಆಮೇಲೆ ಯಾವ ಬಿಟ್ಟೂ ಇಳಿಯುವುದಿಲ್ಲ. ಎಣ್ಣೆಗೆ ಮನೆಯ ತೆಂಗಿನೆಣ್ಣೆಯನ್ನೇ ಬಿಟ್ಟೆ. ಸರಿಯಾಗಿ ಕಡಿಯುವಾಗ ಬಿಟ್ಟಿನ ಎರಡೂ ಬದಿಯಿಂದ ಉದ್ದುದ್ದ ಸುರುಳಿ ಏಳುತ್ತದೆ, ಪುಡಿ ಬರತೊಡಗಿತೆಂದರೆ ನಿಲ್ಲಿಸಿ ಬಿಟ್ ಚೂಪು ಮಾಡಬೇಕು. ಆಕ್ಸಲ್ ಜಾರುವ ಸೀಳಿಗೆ ಸಾಲಾಗಿ ತೂತು ಹೊಡೆದು, ನಡುವೆ ಹ್ಯಾಕ್ಸಾ ಆಡಿಸಿ, ಉಳಿದದ್ದೆಲ್ಲ ಅರದಲ್ಲಿ. ಆಕ್ಸಲ್ಲನ್ನೇ ಕೈಲಿಟ್ಟುಕೊಂಡು ಉಜ್ಜಿ ಉಜ್ಜಿ ನೋಡುತ್ತಿದ್ದೆ, ಅಲುಗಾಡದೆ ಜಾರಿದರೆ ಸಾಕು. ಸೀಳಿನ ಬಾಯಿ ಹಿಂದಕ್ಕೆ ಇದೆ. ಸಿಂಗಲ್ ಸ್ಪೀಡ್ ಅಲ್ವಾ, ಚೈನ್ ಬಿಗಿಯಲು ಚಕ್ರ ಹಿಂದೆ ಎಳೆಯಬೇಕು.

ಪ್ಲೇಟಿನ ಇನ್ನೊಂದು ತುದಿ ನಾಲಗೆಯ ಹಾಗಿದೆ. ಬಿದಿರಿನ ತುದಿ ಸೀಳಿ ಅದನ್ನು ಒಳಗೆ ತೂರಿಸುವುದು. ಅದರಲ್ಲೂ ನಾಲ್ಕೈದು ತೂತು ಕೊರೆದಿದ್ದೇನೆ, ಎಪಾಕ್ಸಿ ಈ ಕಡೆಯಿಂದ ಆ ಕಡೆಗೆ ಹೋಗಿ ಗಟ್ಟಿಯಾದರೆ ಕಿತ್ತು ಬರುವ ಮಾತಿಲ್ಲ. ನುಣ್ಣಗಿನ ಸ್ಟೇನ್‌ಲೆಸ್‌ಗೆ ಬರೇ ಅಂಟನ್ನು ನಂಬುವ ಧೈರ್ಯ ನನಗಿಲ್ಲ.

ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್ ನಿನ್ನೆಯೇ ಆಯಿತು. ಪೆಡಲಿನ ಆಕ್ಸಲ್ ತಿರುಗುವ ಡಬ್ಬ ಅದು. ಹೊಸದಾಗಿ ಲೇತಿನಲ್ಲಿ ಮಾಡಿಸುವುದಾದರೆ ಮಾಮೂಲಿ ಅಳತೆ ಅಗಲ 68 ಎಂ.ಎಂ., ಥ್ರೆಡ್ಡಿನ ವ್ಯಾಸ 1.37 ಇಂಚು, ಇಂಚಿಗೆ 24 ಸುತ್ತು, ಅದೂ ಚೈನ್ ಇರುವ ಬಲಗಡೆಗೆ ಉಲ್ಟಾ ಥ್ರೆಡ್. ಉಲ್ಟಾ ಇಲ್ಲದಿದ್ದರೆ ತುಳಿಯುತ್ತಾ ತುಳಿಯುತ್ತಾ ಆ ಕಡೆಯ ಕಪ್ ತಾನಾಗಿ ಸಡಿಲವಾಗುತ್ತದೆ. ಇಷ್ಟೆಲ್ಲ ಯಾಕೆ ಅಂತ ಗುಜರಿಯಿಂದ ಹಳೇ 28 ಇಂಚಿನ ಸೈಕಲ್ ಫ್ರೇಮ್ ತಂದು, ಶೆಲ್ಲಿನಿಂದ ಹೊರಡುವ ಪೈಪುಗಳನ್ನು ಒಂದೊಂದು ಗೇಣು ಬಿಟ್ಟು ಕತ್ತರಿಸಿದೆ. ಆ ಮೋಟುಗಳೇ ಬಿದಿರಿನ ಒಳಗೆ ಹೋಗುತ್ತವೆ, ಫ್ರೇಮಿನ ಕೋನವೂ ಪುಕ್ಕಟೆ ಸಿಕ್ಕಿತು. ಒಂದು ಮೋಟು ತುಕ್ಕಿಗೆ ತೂತು ಬಿದ್ದಿತ್ತು, ಅದಕ್ಕೆ ಬೆಸುಗೆ ಹಾಕುವ ಆಚಾರ್ರ ಹತ್ತಿರ ಹೋಗಬೇಕಾಯಿತು.

"ಎಂತಕ್ಕೆ ತಮಾ, ಫ್ರೇಮ್ ಮಾಡೂಕೆ ಫ್ರೇಮ್ ಕತ್ತರಿಸಿದ್ಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ನಕ್ಕೆ.

ಆರ್ಕ್ ವೆಲ್ಡಿಂಗ್ ಬೇಡ, ಹಿತ್ತಾಳೆ ಬೆಸುಗೆಯೇ ಸರಿ ಅಂತ ಅವರೇ ಹೇಳಿದರು. ಹಳೇ ಫ್ರೇಮ್ ಜೋಡಿಸಿದ್ದೂ ಹಾಗೇ. ಇದರಲ್ಲಿ ಕಬ್ಬಿಣ ಕರಗುವುದಿಲ್ಲ, ಹಿತ್ತಾಳೆ ಮಾತ್ರ ಕರಗಿ ಸಂದಿಗೆ ಇಳಿಯುತ್ತದೆ, ಥ್ರೆಡ್ ಸೊಟ್ಟಗಾಗುವ ಭಯ ಕಡಿಮೆ. ಆದರೂ ಹಳೇ ಕಪ್ಪುಗಳನ್ನು ಎರಡೂ ಬದಿಗೆ ತಿರುಗಿಸಿಟ್ಟೇ ಬೆಂಕಿ ಕೊಟ್ಟರು. ತುಂಡು ಪೈಪಿಗಾಗಿ ರಾಶಿ ಕೆದಕುವಾಗ ಜಿ.ಐ. ಪೈಪ್ ಕೈಗೆ ಬಂದರೆ ದೂರ ಎಸೆಯುತ್ತಿದ್ದರು. ಅದರ ಮೇಲಿನ ಸತು ಕಾದು ಹೊಗೆಯಾಗುತ್ತದೆ, ಆ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ. ಬಿಳಿಗಾರ ಹಚ್ಚಿದ ಜಾಗ ಮೊದಲು ಉಬ್ಬಿ, ಆಮೇಲೆ ಗಾಜಾಗಿ ಹರಡಿತು, ಪೈಪು ಕೆಂಪಾದ ಮೇಲೆ ಸರಳು ಮುಟ್ಟಿಸಿದರೆ ಹಿತ್ತಾಳೆ ಶೆಲ್ಲಿನ ಸುತ್ತ ಓಡಿ ಹೋಯಿತು. ನೋಡುತ್ತಾ ನಿಂತವನಿಗೆ ದುಡ್ಡು ಕೊಡುವುದೇ ಮರೆತು ಹೋಗುವಷ್ಟು ಚೆಂದ. (ಕೊಟ್ಟೆ.)

ಅಂಟಿಸುವ ಕೆಲಸ ಮುಂದಿನ ವಾರ. ಬೋಟಿನವರ ಹತ್ತಿರ ಗ್ಲಾಸ್ ಫೈಬರ್ ಬೇಕಾದಷ್ಟಿದೆ, ಆದರೆ ಅವರ ಪಾಲಿಯೆಸ್ಟರ್ ರಾಳ ಲೋಹಕ್ಕೆ ಎಪಾಕ್ಸಿಯಷ್ಟು ಹಿಡಿಯುವುದಿಲ್ಲ. ಹಾಗಾಗಿ ಬಟ್ಟೆ ಅವರದ್ದು, ಎಪಾಕ್ಸಿ ಪೇಟೆಯದ್ದು. ಕಾರ್ಬನ್ ಫೈಬರ್ ಹಾಕು ಅಂತ ಹೇಳುವವರಿದ್ದಾರೆ. ಉಪ್ಪು ನೀರು ತಾಗುವ ಜಾಗದಲ್ಲಿ ಕಾರ್ಬನ್ ಮತ್ತು ಲೋಹ ನೇರ ಮುಟ್ಟಿಕೊಂಡರೆ ಲೋಹವೇ ಸವೆಯುತ್ತದೆ, ಅಲ್ಯುಮಿನಿಯಂ ಆದರಂತೂ ಕೇಳುವುದೇ ಬೇಡ. ನಮ್ಮ ಕರಾವಳಿಗೆ ಆ ಉಸಾಬರಿ ಯಾಕೆ? ಮೋಟುಗಳಿಗೆ ಪೇಂಟ್ ಹೊಡೆಯುವ ಹಾಗಿಲ್ಲ, ಅಂಟು ಪೇಂಟನ್ನು ಹಿಡಿದುಕೊಳ್ಳುತ್ತದೆ, ಪೇಂಟು ಕಬ್ಬಿಣವನ್ನು ಬಿಡುತ್ತದೆ. ಒರಟು ಪೇಪರಿನಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಕೂಡಲೇ ಅಂಟಿಸಬೇಕು. ಇಲ್ಲಿನ ಗಾಳಿಗೆ ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು. ಒಳಗೆ ತುಕ್ಕು ಬೆಳೆದರೆ ಉಬ್ಬಿ ಬಿದಿರನ್ನೇ ಒಡೆಯುತ್ತದೆ, ಅದಕ್ಕೇ ಶೆಲ್ಲಿನ ತಳಕ್ಕೆ ನೀರು ಇಳಿಯಲು ಒಂದು ತೂತನ್ನೂ ಹೊಡೆದಾಯಿತು. ವರ್ಷಕ್ಕೆ 3000 ಎಂ.ಎಂ. ಮೇಲೆ ಮಳೆ ಬೀಳುವ ಊರು ಇದು.

ಉಳಿದದ್ದು ಸೀಟಿನ ಪೈಪು. ಸೀಟ್‌ಪೋಸ್ಟ್ ಜಾರುವಷ್ಟು ಒಳಗಾತ್ರದ ಪೈಪ್ ತುಂಡನ್ನು ಬಿದಿರಿನಲ್ಲಿ ಕೂರಿಸಿ, ಮೇಲೆ ಎರಡು ಬೆರಳು ಹೊರಗೆ ಬಿಟ್ಟು, ಅಲ್ಲಿಗೆ ಸೀಳು ಹಾಕಿ ಕ್ಲಾಂಪ್ ಬಿಗಿಯುವುದು. ಸೀಳಿನ ಕೊನೆಗೆ ಸಣ್ಣ ತೂತು ಬೇಕು, ಇಲ್ಲದಿದ್ದರೆ ಬಿಗಿದಾಗಲೆಲ್ಲ ಬಿರುಕು ಕೆಳಗಿಳಿಯುತ್ತದೆ. ಪೈಪು ಇನ್ನೂ ಸಿಕ್ಕಿಲ್ಲ, ನಾಳೆ ಗುಜರಿಗೆ ಹೋಗಬೇಕು.