ಅಗೆಯದೇ ಹೇಗೆ ಗೊತ್ತಾಯ್ತು?

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗುವ ಬಸ್ಸು ದಿಂಬಂ ಘಾಟಿ ಇಳಿಯುವಾಗ ಪಶ್ಚಿಮಕ್ಕೆ ಮೋಯಾರ್ ಕಣಿವೆ, ಅದರಾಚೆ ನೀಲಗಿರಿ. ಈ ಕಣಿವೆ ಒಂದು ಹಳೇ ಬೆಸುಗೆ, ಉತ್ತರದ ಧಾರವಾಡ ನೆಲವೂ (ಊರಲ್ಲ, ಕರ್ನಾಟಕದ ಬಹುಭಾಗದ ಕೆಳಗಿರುವ ಹಳೇ ಶಿಲಾನೆಲ) ನೀಲಗಿರಿಯ ನೆಲವೂ ಸುಮಾರು 250 ಕೋಟಿ ವರ್ಷದ ಹಿಂದೆ ಇಲ್ಲಿ ಕೂಡಿಕೊಂಡವು ಎಂದು ಅನೇಕ ಭೂವಿಜ್ಞಾನಿಗಳು ಹೇಳುತ್ತಾರೆ. ನಾನು ಇದನ್ನು ಹೇಳಿದರೆ ಸಾಕು, ಊರಿನವರು ಕೇಳುವುದು ಒಂದೇ: ‘ಯಾರೂ ಅಗೆದು ನೋಡಿಲ್ಲ, ಮತ್ತೆ ಹೇಗೆ ಗೊತ್ತಾಯ್ತು?’

ತೂಗಿ ನೋಡಿ ಗೊತ್ತಾಯ್ತು. ಗ್ರಾವಿಮೀಟರ್ ಅಂದರೆ ಬಹಳ ಸೂಕ್ಷ್ಮವಾದ ಸ್ಪ್ರಿಂಗ್ ತಕ್ಕಡಿ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2670 ಕಿಲೋ, ಗ್ಯಾಬ್ರೊ ಎಂಬ ಕಪ್ಪು ಕಲ್ಲು ಸುಮಾರು 3000 ಕಿಲೋ. ಕೆಳಗೆ ಗ್ಯಾಬ್ರೊ ಇದ್ದರೆ ಭೂಮಿ ಒಂಚೂರು ಜಾಸ್ತಿ ಎಳೆಯುತ್ತದೆ. ಆ ವ್ಯತ್ಯಾಸವನ್ನು ಮಿಲಿಗ್ಯಾಲ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಗ್ಯಾಲ್ ಅಂದರೆ ಭೂಮಿಯ ಸೆಳೆತದಲ್ಲಿ ಸುಮಾರು ಹತ್ತು ಲಕ್ಷದ ಒಂದು ಪಾಲು.

ನಿಜವಾದ ಕಷ್ಟ ಇರುವುದು ಎತ್ತರದಲ್ಲಿ. ಮೂರು ಮೀಟರ್ ಮೇಲೆ ಹೋದರೆ ಸಾಕು, ಸುಮಾರು ಒಂದು ಮಿಲಿಗ್ಯಾಲ್ ಕಡಿಮೆಯಾಗುತ್ತದೆ. ಹಾಗಿದ್ದರೆ ದಿಂಬಂ ಘಾಟಿಯಲ್ಲಿ ಏನಾಗಬೇಡ! ಎತ್ತರದ ಲೆಕ್ಕ, ಬೆಟ್ಟ ತಾನೇ ಎಳೆಯುವ ಲೆಕ್ಕ, ಚಂದ್ರ ಸೂರ್ಯರ ಸೆಳೆತದ ಲೆಕ್ಕ, ಎಲ್ಲ ಕಳೆಯಬೇಕು. ಕಳೆಯದಿದ್ದರೆ ನಕ್ಷೆಯಲ್ಲಿ ಬರುವುದು ಮೇಲಿನ ಬೆಟ್ಟ, ಒಳಗಿನ ಬಂಡೆಯಲ್ಲ.

ಎಲ್ಲ ಕಳೆದು ಉಳಿದದ್ದರಲ್ಲಿ ಗಡಿ ಕಾಣಿಸುತ್ತದೆ. ಎರಡು ನೆಲಗಳ ತೂಕವೂ ದಪ್ಪವೂ ಬೇರೆ ಇದ್ದರೆ, ಅವು ಸೇರುವ ಕಡೆ ಅಂಕಿ ಥಟ್ಟನೆ ಏರುತ್ತದೆ. ಎಷ್ಟೋ ಕಡೆ ಒಂದು ಏರು, ಪಕ್ಕದಲ್ಲೇ ಒಂದು ಇಳಿತ, ಜೋಡಿಯಾಗಿ ಬರುತ್ತವೆ. ಕೆನಡಾದ ಹಳೇ ಶಿಲಾನೆಲದಲ್ಲಿ 1970ರ ದಶಕದಲ್ಲೇ ಈ ಜೋಡಿಯನ್ನು ಪ್ಲೇಟ್‌ಗಳ, ಅಂದರೆ ಭೂಮಿಯ ಹೊರಚಿಪ್ಪಿನ ಚಲಿಸುವ ತುಂಡುಗಳ, ಗಡಿಯ ಗುರುತು ಎಂದು ಓದಿದ್ದರು.

ಆದರೆ ತೂಕ ಒಂದನ್ನೇ ನಂಬಬಾರದು. ಮೇಲಿರುವ ಹಗುರ ಗ್ರಾನೈಟ್, ಆಳಕ್ಕೆ ಇಳಿದಿರುವ ಹಗುರ ಚಿಪ್ಪಿನ ದಪ್ಪ ಬೇರು, ಎರಡೂ ಒಂದೇ ಥರದ ಅಂಕಿ ಕೊಡಬಹುದು. ಅದಕ್ಕೇ ಕಾಂತದ ಅಳತೆಯೂ ಬೇಕು. ಬಂಡೆಯೊಳಗಿನ ಮ್ಯಾಗ್ನೆಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾಂತಗುಣ ಕಳೆದುಕೊಳ್ಳುತ್ತದೆ. ಹಾಗಾಗಿ ಈ ಅಳತೆಗೆ ಸಿಗುವುದು ಮೇಲಿನ, ತಣ್ಣಗಿರುವ ಬಂಡೆ ಮಾತ್ರ. ಒತ್ತಡಕ್ಕೆ ಸಿಕ್ಕಿ ಎಳೆದುಹೋದ ಬಂಡೆಗಳು ಮಣ್ಣು ಮುಚ್ಚಿದ್ದರೂ ವಿಮಾನದ ಸರ್ವೆಯಲ್ಲಿ ಗೆರೆಗೆರೆಯಾಗಿ ಕಾಣುತ್ತವೆ.

ನಮ್ಮ ಕಡೆ ಒಂದು ವಿಶೇಷ ಇದೆ. ಕಾಂತದ ಸಮಭಾಜಕ ಹತ್ತಿರವಿರುವುದರಿಂದ ಭೂಮಿಯ ಕಾಂತಕ್ಷೇತ್ರ ಇಲ್ಲಿ ಹೆಚ್ಚುಕಡಿಮೆ ಅಡ್ಡ ಮಲಗಿದೆ. ಕಾಂತಗುಣದ ಬಂಡೆಯ ಮೇಲೆ ಅಂಕಿ ಏರುವ ಬದಲು ಇಳಿಯುತ್ತದೆ. ಉತ್ತರ–ದಕ್ಷಿಣವಾಗಿ ಚಾಚಿದ ಬಂಡೆ ಕಣ್ಣಿಗೆ ಬೀಳುವುದೇ ಕಷ್ಟ. ಪುಣ್ಯಕ್ಕೆ ಮೋಯಾರ್ ಗೆರೆ ಹೆಚ್ಚುಕಡಿಮೆ ಪೂರ್ವ–ಪಶ್ಚಿಮ.

ಕೊನೆಗೆ ಕಲ್ಲೂ ಸಾಕ್ಷಿ ಹೇಳಬೇಕು, ಅಲ್ವಾ? ಭವಾನಿ ಹೊಳೆಯ ಪಟ್ಟಿಯಲ್ಲಿ ಗ್ಯಾಬ್ರೊ, ಅನಾರ್ಥೊಸೈಟ್ ಎಂಬ, ಆಳದಲ್ಲಿ ಕರಗಿ ಗಟ್ಟಿಯಾದ ಕಲ್ಲುಗಳು ಸಿಗುತ್ತವೆ. ಮುಖ್ಯ ಬೆಸುಗೆ ಮೋಯಾರ್‌ನಲ್ಲೋ, ಭವಾನಿಯಲ್ಲೋ, ಇನ್ನೂ ದಕ್ಷಿಣದ ಪಾಲಕ್ಕಾಡ್–ಕಾವೇರಿ ಗೆರೆಯಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಒಂದೇ ಬೆಸುಗೆ ಹುಡುಕುವುದೇ ತಪ್ಪು ಅಂತ ನನಗನಿಸುತ್ತದೆ. ಈ ನೆಲ ಒಂದೇ ಸಲಕ್ಕೆ ಕೂಡಿದ್ದಲ್ಲ.