ಗಾಡಿ ಕೆಳಗೆ ಮಲಗಿ ನೋಡಿದ ಶನಿವಾರ

15 ನವೆಂಬರ್ 2025, ಶನಿವಾರ
ಬನಶಂಕರಿ, ಬೆಂಗಳೂರು

ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ಗಾಡಿ ಹುಡುಕುತ್ತಿದ್ದೇನೆ ಅಂದರೆ ಬೆಂಗಳೂರಿನಲ್ಲಿ ಜನ ಮೊದಲು ನಗುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಲ್ಲೋದಕ್ಕೆ ನಾಲ್ಕೂ ಚಕ್ರಕ್ಕೆ ಪವರ್ ಯಾಕೆ ಅಂತ ಆಫೀಸಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಇಲ್ಲಿ ಓಡಾಡಲು ನನಗೂ ಬೇಡ. ಬೇಕಾಗಿರುವುದು ಸಕಲೇಶಪುರದ ಆಚೆ, ತೋಟಕ್ಕೆ ಹತ್ತುವ ಕೊನೆಯ ಮಣ್ಣುರಸ್ತೆಗೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಸಾದಾ ಕಾರು ಅರ್ಧ ದಾರಿಗೇ ನಿಲ್ಲುತ್ತದೆ. ಅಪ್ಪನ ಹಳೇ ಜೀಪು ಈಗಲೂ ಹತ್ತುತ್ತದೆ, ಸುಳ್ಳು ಹೇಳಬಾರದು. ಆದರೆ ಬೆಂಗಳೂರಿನಿಂದ ಸಕಲೇಶಪುರಕ್ಕೇ ಸುಮಾರು 220 ಕಿಲೋಮೀಟರ್. ಅಷ್ಟು ದೂರ ಅಮ್ಮನ ಸೊಂಟ ಆ ಜೀಪನ್ನು ತಡೆಯುವುದಿಲ್ಲ. ಎರಡೂ ಕೆಲಸಕ್ಕೆ ಒಂದೇ ಗಾಡಿ ಆಗಬೇಕು. ಏಳು ಜನ ಕೂರಬೇಕು, ಡೀಸೆಲ್ ಆಗಿರಬೇಕು, ಕಡಿದಾದ ದಾರಿಯಲ್ಲಿ ನಿಧಾನವಾಗಿ ಎಳೆಯುವ ಲೋ ಗೇರ್ ಇರಬೇಕು. ಹೊಸದು ನಮ್ಮ ಕೈಗೆ ಎಟುಕುವ ಮಾತಲ್ಲ.

ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತಲ್ಲ, ದೊಡ್ಡ ಎಸ್‌ಯುವಿಗಳಿಗೆ ಸೆಸ್ ಸೇರಿ ಶೇ 50 ಇದ್ದ ತೆರಿಗೆ ಶೇ 40ಕ್ಕೆ ಇಳಿಯಿತು. ಹೊಸ ಗಾಡಿಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿ ಕೆಳಗೆ ಬಂತು. ಹಳೆಯದನ್ನು ಮಾರುವವರು ಮಾತ್ರ ಇನ್ನೂ ಆಗಸ್ಟ್ ತಿಂಗಳಲ್ಲೇ ಇದ್ದಾರೆ. ಬೆಲೆ ಇಳಿಸಿ ಅಂದರೆ "ಸಾರ್, ಇದಕ್ಕೆ ರೀಸೇಲ್ ವ್ಯಾಲ್ಯೂ ಜಾಸ್ತಿ" ಅನ್ನುತ್ತಾರೆ. ಆ ವ್ಯಾಲ್ಯೂ ಅವರಿಗೆ ಸಿಗೋದು ನಮ್ಮ ಜೇಬಿನಿಂದಲೇ ಅಲ್ವಾ?

ಬಾಮೈದನ ಮನಸ್ಸೆಲ್ಲ ಫೋರ್ಡ್ ಎಂಡೆವರ್ ಮೇಲೆ. 3.2 ಲೀಟರ್, ಐದು ಸಿಲಿಂಡರ್, 470 ಎನ್‌ಎಂ ಟಾರ್ಕ್. 800 ಮಿಲಿಮೀಟರ್ ನೀರಿಗೆ ಇಳಿಸಬಹುದು ಅಂತ ಕಂಪನಿಯೇ ಹೇಳಿತ್ತು. ಓಡಿಸಿ ನೋಡಿದವರಿಗೆ ಬೇರೆ ಯಾವುದೂ ಹಿಡಿಸುವುದಿಲ್ಲ, ಅದು ನಿಜ. ಆದರೆ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿಬಿಟ್ಟಿತು. ಸರ್ವಿಸ್ ಇದೆ, ಪಾರ್ಟ್ಸೂ ಬರುತ್ತದೆ ಅನ್ನುತ್ತಾರೆ. ಬೆಂಗಳೂರಿನಲ್ಲೇನೋ ಕಾಯಬಹುದು. ಮಳೆಯಲ್ಲಿ ತೋಟದ ಗೇಟಿನ ಹತ್ತಿರ ಯಾವುದೋ ಸೆನ್ಸರ್ ಕೈಕೊಟ್ಟರೆ ಯಾರನ್ನು ಕರೆಯೋದು? ಟೊಯೊಟಾ ಫಾರ್ಚುನರ್ ಆದರೆ ಇನ್ನೋವಾದ ಸಂಬಂಧಿ, ಚಾಸಿಯ (ಗಾಡಿಯ ಅಡಿಗಟ್ಟಿನ) ಮೂಲ ಒಂದೇ. ಬಿಡದಿಯಲ್ಲಿ ತಯಾರಾಗುವ ಗಾಡಿ. ಹಾಸನದಲ್ಲೂ ಇದಕ್ಕೆ ಕೈ ಹಾಕುವ ಮೆಕ್ಯಾನಿಕ್ ಮೇಸ್ತ್ರಿಗಳಿದ್ದಾರೆ. ನಾನು ಆ ಕಡೆಗೇ ವಾಲಿದೆ. ಬಾಮೈದ ಮುಖ ಊದಿಸಿಕೊಂಡೇ ಜೊತೆಗೆ ಬಂದ.

ಜೊತೆಗೆ ವಿಲ್ಸನ್ ಗಾರ್ಡನ್ನಿನ ಮೇಸ್ತ್ರಿಯನ್ನೂ ಕರೆದುಕೊಂಡಿದ್ದೆ. ದಿನದ ಕೂಲಿ ಕೊಟ್ಟು ಕರೆದೊಯ್ಯುವುದು ದಂಡ ಅಂತ ಕೆಲವರಿಗೆ ಅನ್ನಿಸುತ್ತದೆ. ಹತ್ತು ಲಕ್ಷದ ಮೇಲಿನ ವಸ್ತು ಕೊಳ್ಳುವಾಗ ಸಾವಿರಾರು ರೂಪಾಯಿಗೆ ಹಿಂದೆಮುಂದೆ ನೋಡುವವರನ್ನು ಕಂಡರೆ ನನಗೆ ಆಶ್ಚರ್ಯ.

ಬೆಳಿಗ್ಗೆ ಬೆಳ್ಳಂದೂರಿನ ಕಡೆ ಒಂದು ಅಪಾರ್ಟ್‌ಮೆಂಟ್. ಫೋಟೊದಲ್ಲಿ ಗಾಡಿ ಶೋರೂಮಿನಿಂದ ಈಗಷ್ಟೇ ಬಂದ ಹಾಗಿತ್ತು. ಸಿಂಗಲ್ ಓನರ್, ಓಡಿದ್ದೂ ಕಡಿಮೆ. ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಮುಂದಿನ ಸೀಟ್ ಬೆಲ್ಟ್ ಹಿಡಿದು ಪೂರ್ತಿ ಹೊರಗೆ ಎಳೆದರು. ಬೆಲ್ಟಿನ ಕೊನೆಯ ಭಾಗದಲ್ಲಿ ಒಂದು ಕಂದು ಗೆರೆ, ಅದರಿಂದ ಕೆಳಗೆ ಬಟ್ಟೆಯ ಬಣ್ಣವೇ ಬೇರೆ. ಆಮೇಲೆ ಸೀಟಿನ ಕೆಳಗೆ ಕೈಹಾಕಿ ಬೋಲ್ಟ್ ಮುಟ್ಟಿ, ಬೆರಳು ತೋರಿಸಿದರು. ತುಕ್ಕು. "ನೀರು ಕುಡಿದಿದೆ ಸಾರ್" ಅಂದರು ಮೆಲ್ಲಗೆ.

2022ರ ಸೆಪ್ಟೆಂಬರ್ ನೆನಪಿದೆಯಲ್ಲ? ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಎಲ್ಲ ನೀರು ನಿಂತು, ದುಬಾರಿ ವಿಲ್ಲಾಗಳ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರು. ಆಗ ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗಲಿಲ್ಲ. ಒಣಗಿಸಿ, ತೊಳೆಸಿ, ಪಾಲಿಶ್ ಹೊಡೆಸಿ ಈಗ ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಇಂಜಿನ್ ಸರಿಮಾಡಿಸಬಹುದು. ವೈರಿಂಗ್ ಒಳಗೆ ಹೊಕ್ಕ ನೀರು ಮಾತ್ರ ವರ್ಷಗಟ್ಟಲೆ ಕಾಡುತ್ತದೆ. ಮಾಲೀಕರು ವಾದ ಮಾಡಲಿಲ್ಲ. ಕಾಫಿ ಬೇಕಾ ಅಂತ ಕೇಳಿದರು. ಬೇಡ ಅಂದು ಬಂದೆವು.

ಹೆಬ್ಬಾಳದ ಹತ್ತಿರದ ಬ್ರೋಕರ್ ಅಂಗಳದಲ್ಲಿ ಬೇರೆಯದೇ ಲೋಕ. ಸಾಲಾಗಿ ಬಿಳಿ ಗಾಡಿಗಳು, ಅರ್ಧಕ್ಕರ್ಧ ಫ್ಯಾನ್ಸಿ ನಂಬರ್. ಬಾಮೈದ ಒಂದರ ಹಿಂದೆ ದೊಡ್ಡದಾಗಿ 4×4 ಅಂತ ಅಂಟಿಸಿದ್ದು ನೋಡಿ ಓಡಿದ. ಒಳಗೆ ಇಣುಕಿದರೆ ಗೇರ್ ಲಿವರ್ ಒಂದೇ. ಹಳೇ ಮಾಡೆಲ್ ಫಾರ್ಚುನರ್‌ನಲ್ಲಿ ಫೋರ್ ಬೈ ಫೋರ್ ಆದರೆ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್ ಇರಬೇಕು. 2012ರ ನಂತರ ಟೂ ವೀಲ್ ಡ್ರೈವ್ ಕೂಡ ಮಾರಾಟವಾಯಿತು, ನೋಡಲು ಎರಡೂ ಒಂದೇ. ಸ್ಟಿಕ್ಕರ್ ಬೇಕಾದರೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿನಲ್ಲಿ ಸಿಗುತ್ತದೆ.

ಅಲ್ಲೇ ಇನ್ನೊಂದು, ನಿಜವಾದ ಫೋರ್ ಬೈ ಫೋರ್. ಹಿಂದಿನ ಎಡಗಡೆ ಸೀಟು ಕುಸಿದಿತ್ತು, ಮುಂದಿನದು ಗಟ್ಟಿಯಾಗಿತ್ತು. ಕಿಟಕಿಗೆ ಪರದೆ ಕಟ್ಟಿದ್ದ ಕ್ಲಿಪ್ಪುಗಳು ಹಾಗೇ ಇದ್ದವು. ಟಾಪಿನ ಮೇಲೆ ಮಧ್ಯದಲ್ಲಿ ತೂತು ಮುಚ್ಚಿ ಬಣ್ಣ ಬಳಿದ ಗುರುತು. ವಾಹನಗಳ ಮೇಲಿನ ಕೆಂಪು ದೀಪ 2017ರ ಮೇ 1ರಿಂದ ಹೋಯಿತಲ್ಲ, ಆ ಕಾಲದ ಗಾಡಿ. ಯಾರದು ಅಂತ ಕೇಳಿದರೆ "ದೊಡ್ಡವರದು ಸಾರ್" ಅಂದ ಬ್ರೋಕರ್. ದೊಡ್ಡವರ ಗಾಡಿಗೆ ನನ್ನದೊಂದು ತಕರಾರಿದೆ. ಕೂರುವವರು ಒಬ್ಬರು, ಓಡಿಸುವವರು ಹತ್ತು ಜನ, ಆಯಿಲ್ ಬದಲಾಯಿಸಬೇಕು ಅಂತ ಯಾರಿಗೂ ಅನ್ನಿಸಿರುವುದಿಲ್ಲ. ಮೇಸ್ತ್ರಿ ಆಯಿಲ್ ಮುಚ್ಚಳ ಬಿಚ್ಚಿ, ತಲೆಕೆಳಗು ಮಾಡಿ ಅದರ ಬಾಯಿಯ ಮೇಲೇ ಇಟ್ಟು ಇಂಜಿನ್ ಚಾಲೂ ಮಾಡಿಸಿದರು. ಮುಚ್ಚಳ ಕುಣಿದು ಕೆಳಗೆ ಬಿತ್ತು. ಬ್ಯಾಕ್ ಕಂಪ್ರೆಷನ್, ಅಂದರೆ ಇಂಜಿನ್ ಒಳಗೆ ಸವೆದು ಒತ್ತಡ ಹಿಂದಕ್ಕೆ ಸೋರುತ್ತಿದೆ. ಅಲ್ಲಿಗೆ ಮುಗಿಯಿತು.

ಡೆಲ್ಲಿ ನಂಬರಿನ ಗಾಡಿಗಳೂ ಇದ್ದವು, ನಂಬಲಾಗದಷ್ಟು ಅಗ್ಗ. ಕಾರಣ ಗೊತ್ತಿರುವುದೇ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಕೋರ್ಟು ಸ್ವಲ್ಪ ಸಡಿಲ ಮಾಡಿತು. ಆದರೂ ವರ್ಷಗಳಿಂದ ಗಾಡಿಗಳು ದಕ್ಷಿಣಕ್ಕೆ ಹರಿದು ಬರುತ್ತಲೇ ಇವೆ. ಇಲ್ಲಿ ನಮ್ಮ ಹೆಸರಿಗೆ ಮಾಡಿಸಬೇಕಾದರೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ವಯಸ್ಸಿಗೆ ತಕ್ಕ ಹಾಗೆ ಕಡಿಮೆ ಆಗುತ್ತದೆ ನಿಜ, ಆದರೆ ಇಷ್ಟು ದೊಡ್ಡ ಗಾಡಿಗೆ ಅದೂ ಲಕ್ಷಗಳಲ್ಲೇ. ಅದನ್ನು ಸೇರಿಸಿದರೆ ಅಗ್ಗ ಎಲ್ಲಿ ಉಳಿಯಿತು?

ಮಧ್ಯಾಹ್ನ ವಿಜಯನಗರ. ಊಟ ಮುಗಿಸಿ ಹೋದೆವು. ಹಾಸನ, ಚಿಕ್ಕಮಗಳೂರು ಕಡೆಯ ಪರಿಚಯದವರೊಬ್ಬರು ಹೇಳಿದ್ದ ಗಾಡಿ. 2014ರ ಫಾರ್ಚುನರ್, 3.0 ಮ್ಯಾನುಯಲ್, ಕೆಎ 18, ಅಂದರೆ ಚಿಕ್ಕಮಗಳೂರು ನಂಬರ್. ಮಾಲೀಕರು ಕಾಫಿ ಪ್ಲಾಂಟರ್, ಎಪ್ಪತ್ತು ದಾಟಿದವರು. ಕಣ್ಣಿಗೆ ಆಪರೇಷನ್ ಆಗಿ ಮಗಳ ಮನೆಯಲ್ಲಿದ್ದಾರೆ. "ಇನ್ನು ಘಾಟಿ ಇಳಿಸಬೇಡಿ ಅಂತ ಮಗಳು ಹಟ ಹಿಡಿದಿದಾಳೆ ಮಾರಾಯ್ರೆ. ಗಾಡೀಲಿ ಏನೂ ತೊಂದ್ರೆ ಇಲ್ಲ, ತೊಂದ್ರೆ ಇರೋದು ನನ್ ಕಣ್ಣಲ್ಲಿ" ಅಂದರು. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲಿ ಕೇಳಿಕೊಂಡಿದ್ದೆ. ಬಿಸಿ ಇಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ. ಅವರು ಬಾನೆಟ್ ಮುಟ್ಟಿ ನೋಡಿ ಅಂದರು. ತಣ್ಣಗಿತ್ತು.

ನೋಡಲು ಏನೂ ಚೆನ್ನಾಗಿಲ್ಲ. ಎರಡೂ ಪಕ್ಕ ಕಾಫಿ ಗಿಡದ ರೆಂಬೆ ಗೀಚಿದ ಗೆರೆಗಳು. ಹಿಂದಿನ ಬಾಗಿಲು ತೆಗೆದರೆ ಮೆಣಸಿನ ಘಾಟು. ಆದರೆ ಮೇಸ್ತ್ರಿ ಈ ಗಾಡಿಯ ಕೆಳಗೇ ಜಾಸ್ತಿ ಹೊತ್ತು ಮಲಗಿದ್ದರು. ನನ್ನನ್ನೂ ಕರೆದರು. ಹಳೇ ಚೀಲ ಹಾಸಿಕೊಂಡು ನಾನೂ ತೂರಿಕೊಂಡೆ. ಟಾರ್ಚ್ ಬಿಟ್ಟು ಒಂದೊಂದಾಗಿ ತೋರಿಸಿದರು. ಚಾಸಿಯ ಉದ್ದಕ್ಕೂ ಕೆಂಪು ಮಣ್ಣು, ಆದರೆ ಹೊಸದಾಗಿ ಕಪ್ಪು ಬಳಿದಿಲ್ಲ. ಬಳಿದಿದ್ದರೆ ಅನುಮಾನ ಪಡಬೇಕು, ಒಳಗೆ ವೆಲ್ಡಿಂಗೋ ತುಕ್ಕೋ ಇರುತ್ತದೆ. ಕೆಳಗಿನ ಗಾರ್ಡಿಗೆ ಕಲ್ಲು ಬಡಿದ ತಗ್ಗುಗಳು, ಗಾರ್ಡ್ ಇರುವುದೇ ಅದಕ್ಕೆ. ಮುಂದಿನ, ಹಿಂದಿನ ಚಕ್ರಗಳಿಗೆ ಪವರ್ ಹಂಚುವ ಟ್ರಾನ್ಸ್‌ಫರ್ ಕೇಸ್ ಒಣಗಿತ್ತು, ಆಯಿಲ್ ಸೋರಿಲ್ಲ. ಮುಂದಿನ ಡ್ರೈವ್ ಶಾಫ್ಟಿನ ಒಂದು ರಬ್ಬರ್ ಕವಚ, ಅಂದರೆ ಬೂಟ್, ಹರಿದು ಗ್ರೀಸ್ ಚಿಮ್ಮಿತ್ತು. "ಇದು ಚಿಲ್ಲರೆ ಕೆಲಸ" ಅಂದರು. ಕರಾವಳಿಯ ಗಾಡಿ ಆಗಿದ್ದರೆ ಉಪ್ಪು ಗಾಳಿಗೆ ಬ್ರೇಕ್ ಪೈಪ್ ತಿಂದು ಹೋಗಿರುತ್ತಿತ್ತಂತೆ.

ಕಾಡಿದ್ದು ಟೈರು. ಮುಂದೆ ಒಂದು ಕಂಪನಿ, ಹಿಂದೆ ಇನ್ನೊಂದು. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನವು 2023ರವು, ಹಿಂದಿನವು 2018ರವು. ಬೇರೆ ಕಾರಿನಲ್ಲಾದರೆ ಸುಮ್ನೆ ಓಡಿಸಬಹುದು. ಈ ಮಾಡೆಲ್ ಫುಲ್ ಟೈಮ್ ಫೋರ್ ವೀಲ್ ಡ್ರೈವ್. ನಾಲ್ಕೂ ಚಕ್ರಕ್ಕೆ ಯಾವಾಗಲೂ ಪವರ್ ಹೋಗುತ್ತಿರುತ್ತದೆ. ಮುಂದಿನ ಟೈರು ಹಿಂದಿನದಕ್ಕಿಂತ ದಪ್ಪ ಇದ್ದರೆ ಸುತ್ತುವ ಲೆಕ್ಕ ತಪ್ಪಿ, ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಮಧ್ಯದ ಡಿಫರೆನ್ಷಿಯಲ್ ದಿನವಿಡೀ ಆ ವ್ಯತ್ಯಾಸ ಹೊರಬೇಕು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಲೇಬೇಕು.

ಇನ್ನೊಂದು ಟೈಮಿಂಗ್ ಬೆಲ್ಟ್, ಇಂಜಿನ್ ಒಳಗಿನ ಭಾಗಗಳನ್ನು ತಾಳ ತಪ್ಪದೆ ಓಡಿಸುವ ಪಟ್ಟಿ. ಈ ಇಂಜಿನ್ನಿಗೆ ಸುಮಾರು ಒಂದೂವರೆ ಲಕ್ಷ ಕಿಲೋಮೀಟರಿಗೆ ಬದಲಾಯಿಸಬೇಕು. ಮೀಟರ್ 1,42,000 ತೋರಿಸುತ್ತಿತ್ತು. ಪ್ಲಾಂಟರ್ ಫೈಲ್ ತಂದು ಮುಂದಿಟ್ಟರು. 2014ರಿಂದ ಪ್ರತಿ ಸರ್ವಿಸಿನ ಬಿಲ್ಲು, ಕಿಲೋಮೀಟರ್ ಸಮೇತ. ಮೀಟರ್ ತಿರುಗಿಸಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬೆಲ್ಟ್ ಬದಲಾಯಿಸಿದ ಬಿಲ್ಲು ಅದರಲ್ಲಿ ಇರಲಿಲ್ಲ. ಅವರೇ ಹೇಳಿದರು, "ಅದೊಂದು ನಿಮ್ ಪಾಲಿಗೆ ಬಿಟ್ಟಿದೀನಿ."

ಓಡಿಸಿ ನೋಡಲು ಕೆಂಗೇರಿ ದಾಟಿ ಕೆಂಪೇಗೌಡ ಬಡಾವಣೆಯ ಕಡೆ ಹೋದೆವು. ಮನೆ ಏಳದ ಸೈಟುಗಳ ನಡುವೆ ಇನ್ನೂ ಬೇಕಾದಷ್ಟು ಮಣ್ಣು ಇದೆ. ದಾರಿಯುದ್ದಕ್ಕೂ ಗುಂಡಿಗಳು ಸಸ್ಪೆನ್ಷನ್ ಪರೀಕ್ಷೆಯನ್ನು ಬಿಟ್ಟಿಯಾಗಿ ಮಾಡಿಕೊಟ್ಟವು. ಪಾಲಿಕೆ ಒಂದಿದ್ದದ್ದು ಐದಾಗಿದೆ, ಗುಂಡಿಗೆ ಯಾರು ಯಜಮಾನರು ಅನ್ನುವುದು ಇನ್ನೂ ಇತ್ಯರ್ಥ ಆದ ಹಾಗಿಲ್ಲ. ಮಣ್ಣಿಗೆ ಇಳಿಸಿ, ಗಿಡ್ಡ ಲಿವರನ್ನು ಲಾಕ್‌ಗೆ, ಅಂದರೆ ಮುಂದೆ ಹಿಂದೆ ಒಂದೇ ವೇಗದಲ್ಲಿ ಸುತ್ತುವ ಹಾಗೆ, ಹಾಕಿದೆ. ಸಲೀಸಾಗಿ ಬಿತ್ತು, ದೀಪ ಹತ್ತಿತು. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ ಲೋಗೆ ಎಳೆದೆ. ಇಂಜಿನ್ ಗುರ್ ಅಂದಿತು, ಗಾಡಿ ನಡೆಯುವವರ ವೇಗದಲ್ಲಿ ದಿಬ್ಬ ಹತ್ತಿತು. ಇಳಿಯುವಾಗ ಬ್ರೇಕಿನಿಂದ ಕಾಲು ತೆಗೆದೆ. ಇಂಜಿನ್ನೇ ಹಿಡಿದುಕೊಂಡು ಇಳಿಸಿತು. ಹಿಂದೆ ಕೂತ ಬಾಮೈದ "ಪರವಾಗಿಲ್ಲ ಭಾವ" ಅಂದ. ಅವನ ಬಾಯಿಂದ ಅದು ದೊಡ್ಡ ಮಾತು.

ಬೆಂಗಳೂರಿನ ಎಷ್ಟೋ ಗಾಡಿಗಳಲ್ಲಿ ಈ ಲಿವರ್ ಒಮ್ಮೆಯೂ ಅಲುಗಾಡಿರುವುದಿಲ್ಲ. ವರ್ಷಗಟ್ಟಲೆ ಮುಟ್ಟದಿದ್ದರೆ ಬಿಗಿದುಕೊಳ್ಳುತ್ತದೆ. ಹಾಗಾಗಿ ಕೆಸರು ಕಂಡ ಗಾಡಿ ಬೇಡ ಅನ್ನುವವರ ಮಾತು ನನಗೆ ಅರ್ಥವಾಗುವುದಿಲ್ಲ. ಕೆಲಸ ಮಾಡಿದ ಗಾಡಿಯಲ್ಲಿ ಏನು ಸವೆದಿದೆ ಅಂತ ಕಣ್ಣಿಗೆ ಕಾಣುತ್ತದೆ, ಬೆಲೆ ಕಟ್ಟಬಹುದು.

ಮನೆಗೆ ಬಂದರೆ ಹೆಂಡತಿ ಟೇಪ್ ಹಿಡಿದು ನಿಂತಿದ್ದಳು. ನಮ್ಮದು 30-40 ಸೈಟು. ಗಾಡಿಯ ಉದ್ದ 4,705 ಮಿಲಿಮೀಟರ್, ಅಂದರೆ ಹದಿನೈದೂವರೆ ಅಡಿ ಹತ್ತಿರ. ಪೋರ್ಟಿಕೊ ಹದಿನಾರು ಅಡಿ. "ಗಾಡಿ ಒಳಗೆ ಹೋಗುತ್ತೆ ರೀ, ಗೇಟು ಎಲ್ಲಿಗೆ ಹೋಗುತ್ತೆ?" ಅಂದಳು. ನಮ್ಮ ಗೇಟು ಒಳಕ್ಕೆ ತೆರೆಯುವಂಥದ್ದು. ಅದನ್ನು ಪಕ್ಕಕ್ಕೆ ಸರಿಯುವ ಗೇಟು ಮಾಡಿಸಬೇಕು. ಟ್ಯಾಂಕ್ 80 ಲೀಟರ್, ಡೀಸೆಲ್ ಆಗ (2025ರ ನವೆಂಬರ್) 91 ರೂಪಾಯಿ, ಲೆಕ್ಕ ಅವಳೇ ಹಾಕಿದಳು. ಏಳು ಸಾವಿರ ದಾಟಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ವಾರದ ದಿನ ಮೆಟ್ರೋದಲ್ಲೇ ಹೋಗೋದು ಅಂತ ಒಪ್ಪಂದವಾಯಿತು.

ಸಂಜೆ ಫೋನಿನಲ್ಲಿ ವ್ಯಾಪಾರ. ಪ್ಲಾಂಟರ್ ಹೇಳಿದ್ದು ಹದಿಮೂರೂವರೆ ಲಕ್ಷ. ಟೈರು, ಬೆಲ್ಟು, ಹರಿದ ಬೂಟು ಲೆಕ್ಕ ಹಾಕಿ ನಾನು ಹನ್ನೆರಡು ಅಂದೆ. ಹನ್ನೆರಡು ಅರವತ್ತಕ್ಕೆ ನಿಂತಿತು. ಕರ್ನಾಟಕದ್ದೇ ಗಾಡಿ, ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಇಲ್ಲ. ಆರ್‌ಸಿ 2029ರವರೆಗೆ ಇದೆ. ಆಮೇಲೆ ನವೀಕರಣ ಮಾಡಿಸಬೇಕು. ಆ ಶುಲ್ಕ ಹಿಂದೆ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯಿತು. ಇನ್ಶೂರೆನ್ಸ್ 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಬೇಕು. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಅವರಿಗೇ ಸೇರಿದ್ದು, ಗಾಡಿ ಜೊತೆ ಬರುವುದಿಲ್ಲ.

ವಾಹನದ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ನೋಡಿದಾಗ ಒಂದು ತೊಡಕು ಕಂಡಿತು. ಸಾಲ ಯಾವತ್ತೋ ತೀರಿದೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿದೆ. ಎಚ್‌ಪಿ (ಸಾಲದ ನಮೂದು) ಕ್ಯಾನ್ಸಲ್ ಮಾಡಿಸಿಯೇ ಇಲ್ಲ. ಹಳೇ ಎನ್‌ಒಸಿ (ಬ್ಯಾಂಕಿನ ನಿರಾಕ್ಷೇಪಣಾ ಪತ್ರ) ನಡೆಯುವುದಿಲ್ಲ, ಬ್ಯಾಂಕಿನಿಂದ ಹೊಸದಾಗಿ ಪತ್ರ ಮತ್ತು ಆ ನಮೂದು ತೆಗೆಸುವ ಫಾರಂ 35 ತರಬೇಕು. ಮಗಳು ಸೋಮವಾರ ಬ್ಯಾಂಕಿಗೆ ಹೋಗುತ್ತಾರಂತೆ. ಗಾಡಿ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಈಗಲೇ ಸಹಿ ಹಾಕಿಸಿಕೊಳ್ಳಿ ಅಂತ ಪ್ಲಾಂಟರ್ ಅವರೇ ಹೇಳಿದರು, ನಾನು ಬೇಡ ಅಂದೆ. ಟೋಕನ್ ಐವತ್ತು ಸಾವಿರ ಹಾಕಿದ್ದೇನೆ. ಬ್ಯಾಂಕಿನ ಹೆಸರು ಹೋದ ಮೇಲೆ ಉಳಿದ ದುಡ್ಡು, ಆಮೇಲೆ ಸಹಿ, ಆಮೇಲೆ ಕೀ. ಗೇಟು ಮಾಡುವವನಿಗೆ ನಾಳೆ ಬಂದು ಅಳತೆ ತೆಗೆದುಕೊಂಡು ಹೋಗು ಅಂದಿದ್ದೇನೆ.